ಮೂರು ನಾಯಿಗಳ ಮನೆಗೆ ಬಂದ ಮುಧೋಳ: ವಾಸನೆ ಮೊದಲು, ಮುಖ ಆಮೇಲೆ

ನರೇಂದ್ರ ಕ್ರಾಸ್ ಬಳಿ ಹೆದ್ದಾರಿಯ ಬದಿಗೆ ಯಾರೋ ಬಿಟ್ಟುಹೋಗಿದ್ದ ಮುಧೋಳ ಬೇಟೆನಾಯಿ ತಳಿಯ ಹೆಣ್ಣುನಾಯಿಯನ್ನು ಮನೆಗೆ ತರುತ್ತೇನೆಂದಾಗ ಧಾರವಾಡದ ನನ್ನ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಅದಕ್ಕ ಹೊಲ ಬೇಕ್ರೀ, ಮನಿ ಅಲ್ಲ" ಎಂದು ಒಬ್ಬ ಹಿರಿಯರು ಹೇಳಿದರೆ, ಹಿತ್ತಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಅವೇ ಕಚ್ಚಾಡಿ ಸರಿಹೋಗುತ್ತವೆ ಎಂಬುದು ಇನ್ನೊಬ್ಬರ ಸಲಹೆಯಾಗಿತ್ತು. ನನ್ನ ಮನೆಯಲ್ಲಿ ಆಗಲೇ ವಯಸ್ಸಾದ ನಾಡನಾಯಿ ಗೌರಿ, ಲ್ಯಾಬ್ರಡಾರ್ ಬೆರಕೆಯ ರಾಜಾ ಮತ್ತು ಪಾಮೇರಿಯನ್ ಚಿಂಟೂ ಇದ್ದವು. ಈಗ ಹೊಸದಾಗಿ ಬಂದ ಮಲ್ಲಿಯೂ ಸೇರಿ ನಾಲ್ಕೂ ಒಂದೇ ಪಡಸಾಲೆಯಲ್ಲಿ ಮಲಗುತ್ತವೆ. ಅನುಮಾನಪಟ್ಟವರು ಬಂದು ನೋಡಿಕೊಂಡೂ ಹೋಗಿದ್ದಾರೆ.

ಮೊದಲ ಎರಡು ವಾರ ಪ್ರತ್ಯೇಕವಾಗಿಡುವುದು ಎಲ್ಲರಿಗೂ ಗೊತ್ತಿರುವ ಕ್ರಮವೇ. ಆದರೆ ಎಲ್ಲರೂ ಮಾಡುವಂತೆ ಗ್ರಿಲ್ ಬಾಗಿಲಿನ ಆಚೆ ಇಟ್ಟಿದ್ದು ನಮ್ಮಲ್ಲಿ ಪೂರ್ತಿ ಕೆಟ್ಟಿತು. ರಾಜಾ ದಿನವಿಡೀ ಗ್ರಿಲ್ಲಿಗೆ ಎದೆ ಕೊಟ್ಟು ಬೊಗಳುತ್ತಿದ್ದ, ಮಲ್ಲಿ ಮೂಲೆ ಸೇರಿ ಅನ್ನ ಮುಟ್ಟುವುದನ್ನೇ ಬಿಟ್ಟಳು. ಹಸಿರು ನೆರಳುಬಲೆ ಕಟ್ಟಿಸಿದ್ದಕ್ಕೆ ನಾಲ್ಕುನೂರು ರೂಪಾಯಿ ಹೋಯಿತು. ಅದರಾಚೆಯ ಅಲುಗಾಟ ಕಾಣುತ್ತಿದ್ದುದರಿಂದ ಬೊಗಳಾಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ದಪ್ಪ ತಾಡಪತ್ರಿಯನ್ನು ನೆಲಮುಟ್ಟ ಇಳಿಬಿಟ್ಟ ಮೇಲೆಯೇ ಮನೆ ತಣ್ಣಗಾಯಿತು. ಪರಸ್ಪರ ಕಾಣುವುದನ್ನು ಪೂರ್ತಿ ನಿಲ್ಲಿಸಿ, ವಾಸನೆಯನ್ನು ಮಾತ್ರ ದಾಟಿಸಬೇಕು ಎಂಬ ನನ್ನ ಪದ್ಧತಿ ನೆಲೆಗೊಂಡದ್ದು ಅಲ್ಲಿಂದ.

ಇದಕ್ಕೆ ಬಳಸಿದ್ದು ಗೋಣಿಚೀಲ. ಮಲ್ಲಿ ರಾತ್ರಿ ಮಲಗಿದ ಚೀಲವನ್ನು ಬೆಳಿಗ್ಗೆ ಗೌರಿಯ ಊಟದ ತಟ್ಟೆಯ ಕೆಳಗೆ, ಗೌರಿಯದನ್ನು ಮಲ್ಲಿಯ ತಟ್ಟೆಯ ಕೆಳಗೆ ಹಾಸುತ್ತಿದ್ದೆ. ಸೋಪಿನ ಪುಡಿಯಲ್ಲಿ ಒಗೆದ ಚೀಲವಾದರೆ ವಾರಗಟ್ಟಲೆ ಹಾಸಿದರೂ ಪ್ರಯೋಜನವಿಲ್ಲ; ಬರೀ ಬಿಸಿಲಿಗೆ ಹಾಕಿದ ಚೀಲವೇ ಬೇಕು. ಇದರ ಜೊತೆಗೆ ಚೀಲಕ್ಕೆ ನಾನೊಂದು ವಸ್ತುವನ್ನು ಸ್ವಲ್ಪ ಸವರುತ್ತೇನೆ, ಅದೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸ್ಟೀಲ್ ತಟ್ಟೆ ನೆಲಕ್ಕೆ ತಾಗಿ ಸದ್ದಾದರೆ ಬೆಚ್ಚಿ ಓಡುತ್ತಿದ್ದ ಮಲ್ಲಿ, ಕೆಳಗೆ ಚೀಲ ಬಂದ ಮೇಲೆ ನಿಂತು ಉಣ್ಣತೊಡಗಿದಳು. ಇದು ನಿರೀಕ್ಷಿಸದೆ ಸಿಕ್ಕ ಲಾಭ.

ಖರ್ಚಿನ ದೊಡ್ಡ ಪಾಲು ಹೋದದ್ದು ಮಲ್ಲಿಯ ಉಣ್ಣಿಜ್ವರಕ್ಕೆ. ಮೊದಲು ತೋರಿಸಿದ ಕಡೆ ರಕ್ತದ ಸ್ಲೈಡ್ ನೋಡಿ ಏನೂ ಇಲ್ಲವೆಂದರು, ಆದರೆ ಒಸಡು ಬಿಳಿಚಿಕೊಂಡಿದ್ದನ್ನು ಕಂಡು ನಾನೇ ಪಟ್ಟು ಹಿಡಿದು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿದಾಗ ತೀರ ಕಡಿಮೆ ಬಂತು. ಸ್ಲೈಡಿನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಉಣ್ಣಿಜ್ವರ ತರುವ ರೋಗಾಣು ಎರ್ಲಿಕಿಯಾ ಇಲ್ಲವೆಂದು ನಂಬಬಾರದು. ಅದಕ್ಕೆ ಕೊಡುವ ಆ್ಯಂಟಿಬಯಾಟಿಕ್ ಮಾತ್ರೆ ಡಾಕ್ಸಿಸೈಕ್ಲಿನ್ ನಾಲ್ಕು ವಾರ ನಡೆಯಿತು, ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿಯಾಗುವುದರಿಂದ ರೊಟ್ಟಿಯ ತುಣುಕಿನಲ್ಲಿ ಸುತ್ತಿ ಕೊಟ್ಟೆ. ಲಸಿಕೆಗಳನ್ನು ಅವಳು ಚೇತರಿಸಿಕೊಳ್ಳುವವರೆಗೆ ಮುಂದೂಡಿದೆವು. ಪರೀಕ್ಷೆ, ಔಷಧ, ನಾಲ್ಕೂ ನಾಯಿಗಳಿಗೆ ಉಣ್ಣಿಯ ಮಾತ್ರೆ, ಲಸಿಕೆ ಎಲ್ಲ ಸೇರಿ ಹನ್ನೊಂದು-ಹನ್ನೆರಡು ಸಾವಿರ ಆಗಿರಬೇಕು. ಉಣ್ಣಿಯ ಮಾತ್ರೆಯನ್ನು ಹೊಸ ನಾಯಿಗೆ ಮಾತ್ರ ಕೊಟ್ಟು ಉಳಿತಾಯ ಮಾಡಲು ಹೋದರೆ ಮುಂದಿನ ತಿಂಗಳು ಅದರ ದುಪ್ಪಟ್ಟು ತೆರಬೇಕಾಗುತ್ತದೆ.

ಭೇಟಿ ಮಾಡಿಸಿದ್ದು ಮನೆಯಲ್ಲಲ್ಲ, ಕೆಲಗೇರಿ ಕೆರೆಯ ಕಡೆಯ ರಸ್ತೆಯಲ್ಲಿ, ಒಮ್ಮೆಗೆ ಒಂದೇ ನಾಯಿಯೊಂದಿಗೆ. ತಮ್ಮನ ಮಗ ಗೌರಿಯನ್ನೂ ನಾನು ಮಲ್ಲಿಯನ್ನೂ ಹಿಡಿದು, ಮೂವತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯುತ್ತಾ, ಕೊರಳಪಟ್ಟಿ ಬಿಗಿಯದಂತೆ ಹಗ್ಗವನ್ನು ಸಡಿಲ ಬಿಟ್ಟು, ದಿನೇ ದಿನೇ ಅಂತರವನ್ನು ತಗ್ಗಿಸುತ್ತಾ ಬಂದೆವು. ಹಲವರು ಮನೆಯ ಅತಿ ಸ್ನೇಹದ ನಾಯಿಯನ್ನು ಮೊದಲು ಪರಿಚಯಿಸುತ್ತಾರೆ. ನಾನು ಅತಿ ನಿರ್ಲಿಪ್ತ ನಾಯಿಯನ್ನು ಆರಿಸುತ್ತೇನೆ. ಮೈಮೇಲೆ ಬೀಳುವ ರಾಜಾನಿಗಿಂತ, ತಿರುಗಿಯೂ ನೋಡದ ಗೌರಿಯ ಪಕ್ಕದಲ್ಲಿ ಮಲ್ಲಿಯ ಬಾಲ ಬೇಗ ಕಾಲಸಂದಿಯಿಂದ ಹೊರಬಂತು.

ಆಷಾಢದ ದಿನಗಳಾದ್ದರಿಂದ ಗಾಳಿಯ ಒಂದು ಪ್ರಯೋಗವನ್ನೂ ಮಾಡಿದೆ. ನಮ್ಮಲ್ಲಿ ಆಗ ಪಡುವಣ ಗಾಳಿ ಜೋರು. ಮಲ್ಲಿಯನ್ನು ರಸ್ತೆಯ ಪಶ್ಚಿಮದ ಅಂಚಿನಲ್ಲಿ ನಡೆಸಿದಾಗ ಅವಳ ವಾಸನೆ ಮೊದಲೇ ತಲುಪಿ ರಾಜಾ ಶಾಂತನಾಗಿ ಬರುತ್ತಿದ್ದ, ಬದಿ ಬದಲಿಸಿದ ದಿನ ಹಗ್ಗ ಜಗ್ಗುತ್ತಿದ್ದ. ಜಿಟಿಜಿಟಿ ಮಳೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಬೇಸಿಗೆಯಲ್ಲಿ ಇದನ್ನು ಮತ್ತೆ ಪರೀಕ್ಷಿಸುವ ವಿಚಾರವಿದೆ.

ಚಿಂಟೂನ ಸರದಿ ಕೊನೆಯದು. ಕಣ್ಣಿನಿಂದಲೇ ಬೇಟೆಯಾಡುವ ತಳಿಯ ಎದುರು ಸಣ್ಣ, ಬಿಳಿಯ, ಓಡುವ ಪ್ರಾಣಿ ಮೊಲದಂತೆಯೇ ಕಾಣುತ್ತದೆ; ಸ್ನೇಹವಾದ ಮೇಲೂ ಓಟದ ಭರದಲ್ಲಿ ಬಾಯಿ ಹಾಕಬಹುದು. ಆದ್ದರಿಂದ ನೀರು ಕುಡಿಯಲು, ಏದುಸಿರು ಬಿಡಲು ಅಡ್ಡಿಯಾಗದ ಬುಟ್ಟಿಯಂಥ ಬಾಯಿಕುಕ್ಕೆಯನ್ನು ಮಲ್ಲಿಗೆ ವಾರಗಳ ಮೊದಲೇ ಮೊಟ್ಟೆ ತಿನ್ನಿಸುತ್ತಾ ರೂಢಿ ಮಾಡಿಸಿದ್ದೆ. ಈಗ ಮನೆಯೊಳಗೆ ಅದು ಬೇಕಾಗಿಲ್ಲ. ಹಿತ್ತಲಿನಲ್ಲಿ ಅವರಿಬ್ಬರನ್ನು ಒಟ್ಟಿಗೆ ಬಿಡುವಾಗ ಇನ್ನೂ ಹಾಕುತ್ತೇನೆ, ಊಟವನ್ನೂ ನಾಲ್ಕು ಮೂಲೆಗಳಲ್ಲಿಯೇ ಕೊಡುತ್ತೇನೆ.