ಹೈಡಾಟಿಡ್ ಗುಳ್ಳೆಯಿಂದ ಲಾಡಿಹುಳುವಿನ ತಳಿ ಗುರುತಿಸುವ ಕ್ರಮ: ಕೊಡಗಿನ ಪಶುವೈದ್ಯರಿಗಾಗಿ

ಆಡು, ಕುರಿ, ಹಂದಿಗಳ ಮಾಂಸ ತಪಾಸಣೆಯಲ್ಲಿ ಅಥವಾ ಸತ್ತ ದನದ ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶ, ಪಿತ್ತಜನಕಾಂಗಗಳ ಮೇಲೆ ಕಾಣುವ ಹೈಡಾಟಿಡ್ ಗುಳ್ಳೆ, ನಾಯಿಯ ಕರುಳಿನಲ್ಲಿ ಬೆಳೆಯುವ ಎಕಿನೊಕಾಕಸ್ ಗ್ರಾನ್ಯುಲೋಸಸ್ ಗುಂಪಿನ ಲಾಡಿಹುಳುವಿನ ಮರಿಹಂತವಾಗಿದೆ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಈ ಗುಳ್ಳೆಗಳಲ್ಲಿ ಜಿ1, ಜಿ3, ಜಿ5 ಮುಂತಾದ ಬೇರೆ ಬೇರೆ ತಳಿಗಳಿರಬಹುದು.

ಮೊದಲ ನಿಯಮವೆಂದರೆ, ಒಂದು ಗುಳ್ಳೆಗೆ ಒಂದೇ ಸೀಸೆ. ಒಂದೇ ಪ್ರಾಣಿಯ ಎರಡು ಗುಳ್ಳೆಗಳು ಬೇರೆ ಬೇರೆ ಮೊಟ್ಟೆಗಳಿಂದ ಬಂದಿರಬಹುದಾದ್ದರಿಂದ, ಅವುಗಳ ದ್ರವವನ್ನು ಬೆರೆಸಿದರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥವಾಗುತ್ತದೆ. ಸಿರಿಂಜಿನಿಂದ ತೆಗೆದ ದ್ರವದ ತಳದಲ್ಲಿ ಮರಳಿನಂತೆ ಕೂರುವ ಎಳೆತಲೆಗಳು (ನಾಯಿಯ ಕರುಳಿನಲ್ಲಿ ಹುಳುವಾಗಿ ಬೆಳೆಯಬಲ್ಲ ಮರಿತಲೆಗಳು) ಇದ್ದರೆ ಗುಳ್ಳೆ ಫಲವತ್ತಾದುದೆಂದು ಬರೆದಿಡಿ; ಇಲ್ಲದಿದ್ದರೆ ಒಳಪೊರೆಯನ್ನು ಕೆರೆದು ತೆಗೆಯಿರಿ. ಮಾದರಿಯನ್ನು 70 ಶೇಕಡಾ ಎಥನಾಲಿನಲ್ಲಿಡಿ. ಫಾರ್ಮಲಿನ್ ಡಿಎನ್ಎಯನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಕರೆಂಟು ಹೋದರೆ ಫ್ರೀಜರನ್ನು ನಂಬುವುದು ಕಷ್ಟ. ಎಥನಾಲಿಗೆ ಆ ತೊಂದರೆಯಿಲ್ಲ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಏಕೆಂದರೆ ಪೆನ್ನಿನ ಶಾಯಿಯನ್ನು ಎಥನಾಲು ಅಳಿಸಿಬಿಡುತ್ತದೆ. ಉಳಿದ ಗುಳ್ಳೆಗಳನ್ನು ನಾಯಿಗೆ ಎಟಕದಂತೆ ಸುಡಬೇಕು ಅಥವಾ ಆಳವಾಗಿ ಹೂಳಬೇಕು.

ಪ್ರಯೋಗಾಲಯದಲ್ಲಿ ಎಥನಾಲನ್ನು ತೊಳೆದು, ಡಿಎನ್ಎ ಬೇರ್ಪಡಿಸಿ, ಪಿಸಿಆರ್ (ಡಿಎನ್ಎ ತುಂಡಿನ ಅಸಂಖ್ಯ ಪ್ರತಿಗಳನ್ನು ಮಾಡುವ ವಿಧಾನ) ಮೂಲಕ ಮೈಟೊಕಾಂಡ್ರಿಯದ ಕಾಕ್ಸ್1 ಜೀನಿನ ಸುಮಾರು 450 ಅಕ್ಷರಗಳ ಭಾಗವನ್ನು ವರ್ಧಿಸುವುದು 1992ರಿಂದ ರೂಢಿಯಲ್ಲಿದೆ. ಡಿಎನ್ಎ ಹಾಕದ ಒಂದು ನಳಿಗೆಯನ್ನು ಜೊತೆಯಲ್ಲೇ ಓಡಿಸಿ. ಅದರಲ್ಲೂ ಡಿಎನ್ಎ ಪಟ್ಟಿ (ಬ್ಯಾಂಡ್) ಕಂಡರೆ ಕಲಬೆರಕೆಯಾಗಿದೆಯೆಂದು ಆ ಸರದಿಯನ್ನೇ ಬಿಡಬೇಕು. ವರ್ಧಿಸಿದ ಭಾಗದ ಅಕ್ಷರಗಳ ಅನುಕ್ರಮವನ್ನು ಎರಡೂ ದಿಕ್ಕಿನಿಂದ ಓದಿಸಿ, ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್ಎ ಸಂಗ್ರಹದ ಮಾದರಿ ಅನುಕ್ರಮಗಳೊಡನೆ ಅಷ್ಟೇ ಉದ್ದಕ್ಕೆ ಕತ್ತರಿಸಿ ಜೋಡಿಸಿ.

ಎಡವುವುದು ಇಲ್ಲೇ. ಭಾರತದಲ್ಲಿ ಹೆಚ್ಚಾಗಿ ವರದಿಯಾಗಿರುವ ಜಿ1 ಮತ್ತು ಜಿ3 ತಳಿಗಳ ನಡುವೆ ಕಾಕ್ಸ್1ರ ಈ ತುಂಡಿನಲ್ಲಿ ವ್ಯತ್ಯಾಸ ಬೆರಳೆಣಿಕೆಯಷ್ಟೇ ಇರುವುದರಿಂದ, ಅದನ್ನೊಂದನ್ನೇ ನಂಬಿ ತೀರ್ಪು ಕೊಡುವುದು ಅವಸರವೆಂದೇ ನನ್ನ ಅಭಿಪ್ರಾಯ. ಇವೆರಡನ್ನು ಬೇರ್ಪಡಿಸಲು 2018ರಲ್ಲಿ ಸೂಚಿಸಲಾದ ನ್ಯಾಡ್5 ಜೀನಿನ ಭಾಗವನ್ನೂ ಓದಿಸಬೇಕು. ಹಳೆಯ ವರದಿಗಳಲ್ಲಿ ಬರುವ ಜಿ2 ಈಗ ಪ್ರತ್ಯೇಕ ತಳಿಯಾಗಿ ಉಳಿದಿಲ್ಲ. ಜಿ5ಕ್ಕೆ ಎಕಿನೊಕಾಕಸ್ ಆರ್ಟ್‌ಲೆಪ್ಪಿ ಎಂಬ ಬೇರೆ ಪ್ರಭೇದದ ಹೆಸರೇ ಇದೆ.

ಫಲಿತಾಂಶದ ಪಕ್ಕದಲ್ಲಿ ಪ್ರಾಣಿ, ಅಂಗ, ಊರು, ಗುಳ್ಳೆಯ ಫಲವತ್ತತೆ ನಾಲ್ಕನ್ನೂ ದಾಖಲಿಸಿ. ಹಂದಿಯ ಗುಳ್ಳೆಗಳಲ್ಲಿ ಜಿ1 ಸಿಕ್ಕರೂ ಅವೆಲ್ಲ ಬಂಜೆಯಾಗಿದ್ದರೆ, ಆ ತಳಿಯನ್ನು ನಾಯಿಗೆ ದಾಟಿಸುತ್ತಿರುವ ಪ್ರಾಣಿಯನ್ನು ಆಡು, ಕುರಿ, ಎಮ್ಮೆಗಳಲ್ಲಿ ಹುಡುಕಬೇಕಾಗುತ್ತದೆ.