ತೋಟದ ಕೆಲಸ, ಸೋರಿಯಾಸಿಸ್ ಮೈ

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ನನಗೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಬಂದು ಎಷ್ಟೋ ವರ್ಷ ಆಯಿತು. ಮೊಣಕೈ, ಮೊಣಕಾಲು, ತಲೆಯಲ್ಲಿ ಜಾಸ್ತಿ. ಹತೋಟಿಗೆ ಬರುತ್ತದೆ, ಬೇರುಸಮೇತ ಹೋಗುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ತೋಟದ ಕೆಲಸಕ್ಕೆ ಕಾಲ ನೋಡುವಂತೆ ಚರ್ಮಕ್ಕೂ ಕಾಲ ನೋಡಿ ನಡೆದುಕೊಳ್ಳುತ್ತೇನೆ.

ಮಾಮೂಲಿ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ನಮ್ಮಂಥವರಲ್ಲಿ ಮೈಯ ರೋಗನಿರೋಧಕ ವ್ಯವಸ್ಥೆಯೇ ಚರ್ಮವನ್ನು ಕೆರಳಿಸುವುದರಿಂದ ಅದು 3–4 ದಿನಕ್ಕೇ ಮುಗಿಯುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಕೂರುತ್ತದೆ. ಬಿಳಿ ಹುರುಪೆ ಅಂದರೆ ಅದೇ. ಅಂಟುಜಾಡ್ಯ ಅಲ್ಲವೇ ಅಲ್ಲ. ಕೊಯ್ಲಿಗೆ ಬಂದವರು "ಗೌಡ್ರೆ, ಇದು ಅಂಟುತ್ತಾ?" ಅಂತ ಕೇಳಿಬಿಟ್ಟರೆ ನನಗೇ ಹಗುರ. ಕೇಳದೆ ದೂರ ಸರಿದು ಕೂರುವವರಿಗಿಂತ ಅವರು ವಾಸಿ.

ಡಿಸೆಂಬರ್ ಬಂತೆಂದರೆ ಕೊಯ್ಲೂ ಶುರು, ಒಣ ಚಳಿಯೂ ಶುರು. ಆಗ ಸ್ನಾನದ್ದೇ ದೊಡ್ಡ ವಿಷಯ. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಸುಡುಸುಡು ನೀರು ಹುಯ್ದುಕೊಂಡರೆ ತುರಿಕೆಗೆ ಹಾಯೆನಿಸುತ್ತದೆ, ನಿಜ. ಅರ್ಧ ಗಂಟೆ ಬಿಟ್ಟು ಮೈ ಬಿಗಿದುಕೊಂಡು ಇನ್ನೂ ಜಾಸ್ತಿ ತುರಿಸುತ್ತದೆ. ನಾನು ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸುತ್ತೇನೆ. ಟವೆಲಿನಿಂದ ಉಜ್ಜುವುದಿಲ್ಲ, ಒತ್ತಿ ಒರೆಸಿಕೊಳ್ಳುತ್ತೇನೆ. ಮೈ ಇನ್ನೂ ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಡಬ್ಬಿ ಇರುವುದು ಬಚ್ಚಲ ಗೂಡಿನಲ್ಲೇ. ಕೋಣೆಯಲ್ಲಿಟ್ಟರೆ ಅಲ್ಲಿಗೆ ಹೋಗುವಷ್ಟರಲ್ಲಿ ಮೈ ಒಣಗಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಜೆಲ್ಲಿ ಮೆತ್ತಿದ ಬಟ್ಟೆಗೆ ಕಿಡಿ ತಾಗಿದರೆ ಬೆಂಕಿ ಬೇಗ ಹತ್ತುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಚಳಿಗೆ ಬಚ್ಚಲ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಮೈ ಕಾಯಿಸುವ ಚಟ ನಮ್ಮ ಕಡೆ ಎಲ್ಲರಿಗೂ ಇದೆ ಅಲ್ವಾ? ಜೆಲ್ಲಿ ಹಚ್ಚಿಕೊಂಡು ಉಡುವ ಲುಂಗಿ, ಅಂಗಿಯನ್ನು ಬೇರೆಯೇ ಇಟ್ಟಿದ್ದೇನೆ. ಅವನ್ನು ಹಾಕಿಕೊಂಡು ಒಲೆ ಹತ್ತಿರ ಹೋಗುವುದಿಲ್ಲ. ಬೀಡಿ ಸೇದುವವರಿಗೂ ಇದೇ ಮಾತು. ಬೀಡಿಯಿಂದ ಸೋರಿಯಾಸಿಸ್ ಕೆರಳುವುದೂ ಉಂಟು.

ಮಳೆಗಾಲದಲ್ಲಿ ಚರ್ಮ ಅಷ್ಟು ಒಣಗುವುದಿಲ್ಲ, ಆದರೆ ರಕ್ತ ಹೀರುವ ಇಂಬಳ (ಜಿಗಣೆ) ಇದೆಯಲ್ಲ! ಸೋರಿಯಾಸಿಸ್ ಇರುವವರಿಗೆ ಗೀರು, ಕಡಿತ, ಸುಟ್ಟ ಗಾಯ ಆದ ಜಾಗದಲ್ಲೇ ಹೊಸ ಪಟ್ಟೆ ಏಳಬಹುದು. 19ನೇ ಶತಮಾನದಲ್ಲೇ ಕೋಬ್ನರ್ ಎಂಬ ಜರ್ಮನ್ ವೈದ್ಯರು ಇದನ್ನು ಗುರುತಿಸಿದ್ದರು. ಅದಕ್ಕೇ ಗಮ್ ಬೂಟು, ತುಂಬು ತೋಳಿನ ಅಂಗಿ ಇಲ್ಲದೆ ತೋಟಕ್ಕೆ ಇಳಿಯುವುದಿಲ್ಲ. ಇಂಬಳ ಹತ್ತಿದರೆ ಎಳೆದು ಕೀಳದೆ ಉಗುರಿನಿಂದ ಮೆಲ್ಲಗೆ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು ಮೇಲೊಂದು ಪಟ್ಟಿ ಹಾಕುತ್ತೇನೆ. ಪಟ್ಟಿ ಇದ್ದರೆ ನಿದ್ದೆಯಲ್ಲಿ ಕೆರೆದುಕೊಳ್ಳುವುದು ತಪ್ಪುತ್ತದೆ.

ಸ್ಟೀರಾಯ್ಡ್ ಮುಲಾಮಿಗೆ ಡಾಕ್ಟರು ತೋರಿಸಿದ ಅಳತೆ ಸುಲಭ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಮೊಣಕೈಗೆ ಕೊಟ್ಟ ಕಡಕ್ ಮುಲಾಮನ್ನು ಮುಖಕ್ಕೋ ತೊಡೆಸಂದಿಗೋ ಹಚ್ಚಬಾರದು, ಚರ್ಮ ತೆಳುವಾಗುತ್ತದೆ. ಯಾರೋ ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳ ಸಹವಾಸವಂತೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಸೇರಿದ್ದರೆ ನಿಲ್ಲಿಸಿದ ಮೇಲೆ ಕಾಯಿಲೆ ಮೈಯೆಲ್ಲ ಭುಗಿಲೇಳಬಹುದು.

ಕಾಯಿಲೆ ಜೋರಾದ ಕಾಲಕ್ಕೆ ನನಗೆ ಮೆಥೋಟ್ರೆಕ್ಸೇಟ್ ಅನ್ನುವ, ರೋಗನಿರೋಧಕ ವ್ಯವಸ್ಥೆಯ ಆರ್ಭಟ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಅದು ವಾರಕ್ಕೊಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾನು ಸಂತೆ ದಿನಕ್ಕೆ ಗಂಟು ಹಾಕಿಕೊಂಡೆ, ಮರೆಯುವ ಮಾತೇ ಇಲ್ಲ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಬೇರೆ ದಿನ. ನಡುನಡುವೆ ರಕ್ತ ಪರೀಕ್ಷೆ, ಲಿವರ್ ನೋಡಲಿಕ್ಕೆ. ಹಂದಿ ಸಾರಿನ ಊಟದಲ್ಲಿ ನೆಂಟರು "ಒಂದೇ ಪೆಗ್ಗು ಕಣೋ" ಅಂತ ಒತ್ತಾಯ ಮಾಡುತ್ತಾರೆ. ಮಾತ್ರೆ ಹೆಸರು ಹೇಳಿ ಲೋಟ ಮಗುಚಿಡುತ್ತೇನೆ.

ಈಗ ಉಗುರುಗಳ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿವೆ. ಬೆಳಿಗ್ಗೆ ಎದ್ದಾಗ ಬೆರಳು ಬಹಳ ಹೊತ್ತು ಬಿಗಿದುಕೊಂಡಿದ್ದರೆ ತೋಟದ ಕೆಲಸದ ನೋವು ಅಂತ ಸುಮ್ನೆ ಬಿಡಬೇಡಿ, ಈ ಕಾಯಿಲೆ ಕೀಲಿಗೂ ಇಳಿಯುತ್ತದೆ ಅಂದಿದ್ದಾರೆ ಡಾಕ್ಟರು. ಕೀಲು ಒಮ್ಮೆ ಸವೆದರೆ ಸರಿಯಾಗುವುದಿಲ್ಲವಂತೆ. ಹಾಗಾಗಿ ಪ್ರತಿ ಸಲ ಹೋದಾಗ ಚರ್ಮದ ಜೊತೆ ಬೆರಳನ್ನೂ ತೋರಿಸಿಯೇ ಬರುತ್ತೇನೆ.