ಒಂದೂವರೆ ಪುಟದ ಎಂಎ: 254(2) ಅರ್ಜಿ ಗೆದ್ದ ನನ್ನ ಅನುಭವ

2021ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಅಪೀಲು ಟ್ರಿಬ್ಯುನಲ್ ತನ್ನ ಹಳೆಯ ಆದೇಶ ಹಿಂತೆಗೆದುಕೊಂಡು ಮತ್ತೆ ಕೇಳುವ ಹಾಗಿಲ್ಲ ಅಂದ ಸುಪ್ರೀಂ ಕೋರ್ಟಿನ ರಿಲಯನ್ಸ್ ಟೆಲಿಕಾಂ ತೀರ್ಪು ಬಂದಾಗಿನಿಂದ ನಮ್ಮ ಹಾಸನದ ತೆರಿಗೆ ವೃತ್ತಿಯವರ ಬಾಯಲ್ಲಿ ಒಂದೇ ಮಾತು: ಟ್ರಿಬ್ಯುನಲ್ ಮುಂದೆ ಎಂಎ (ಆದೇಶದಲ್ಲಿ ದಾಖಲೆಯಿಂದಲೇ ಕಾಣುವ ತಪ್ಪು ತಿದ್ದಿ ಅಂತ ಆದಾಯ ತೆರಿಗೆ ಕಾಯ್ದೆಯ 254(2) ಅಡಿ ಕೊಡುವ ಮಿಸಲೇನಿಯಸ್ ಅರ್ಜಿ) ಹಾಕೋದು ಐವತ್ತು ರೂಪಾಯಿ ಫೀ ವ್ಯರ್ಥ, ಸುಮ್ಮನೆ ಹೈಕೋರ್ಟಿಗೆ ಹೋಗಿ. ನಾನು ಹಾಕಿದೆ, ಗೆದ್ದೆ. ಈಗ ಅದೇ ಗೆಳೆಯರು ಫೋನ್ ಮಾಡಿ "ಡ್ರಾಫ್ಟ್ ಕಳಿಸಿ ಸಾರ್" ಅನ್ನುತ್ತಿದ್ದಾರೆ. ಡ್ರಾಫ್ಟ್ ನೋಡಿದರೆ ನಾನು ಏನು ಬರೆದೆ ಅಂತ ಕಾಣುತ್ತದೆ, ಏನನ್ನು ಬರೆಯದೆ ಬಿಟ್ಟೆ ಅಂತ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಕ್ಷಿದಾರರು ಆಲೂರು ಕಡೆಯ ಗೌಡರು. ಹಾಸನ ನಗರಸಭೆ ಎಲ್ಲೆಯಿಂದ ಆಚೆಗಿದ್ದ ಜಮೀನನ್ನು ಸುಮಾರು ಒಂದು ಕೋಟಿ ನಲವತ್ತು ಲಕ್ಷಕ್ಕೆ ಮಾರಿದ್ದರು. 2011ರ ಜನಗಣತಿ ಪ್ರಕಾರ ಹಾಸನದ ಜನಸಂಖ್ಯೆ ಒಂದು ಲಕ್ಷ ದಾಟಿದೆ, ಹತ್ತು ಲಕ್ಷದ ಹತ್ತಿರಕ್ಕೂ ಇಲ್ಲ. ಹಾಗಾಗಿ ಬಂಡವಾಳ ಆಸ್ತಿ ಯಾವುದು ಅಂತ ಹೇಳುವ 2(14)ರಲ್ಲಿ ನಮಗೆ ಸಂಬಂಧಪಟ್ಟದ್ದು ಆರು ಕಿಲೋಮೀಟರ್, ಅದೂ ನೇರ ವಾಯು ದೂರ. ಅದರಾಚೆಗಿನ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ, ಮಾರಿದ ಲಾಭಕ್ಕೆ ತೆರಿಗೆ ಬೀಳುವುದಿಲ್ಲ. ತಹಶೀಲ್ದಾರರ ಪ್ರಮಾಣಪತ್ರ 6.8 ಅನ್ನುತ್ತಿತ್ತು. ಎಒ (ತೆರಿಗೆ ನಿರ್ಧರಿಸುವ ಅಧಿಕಾರಿ) ಕಳಿಸಿದ ಇನ್ಸ್‌ಪೆಕ್ಟರ್ ವರದಿ ಐದೂಚಿಲ್ಲರೆ ಅನ್ನುತ್ತಿತ್ತು. ಹಣದುಬ್ಬರಕ್ಕೆ ತಕ್ಕಂತೆ ಏರಿಸಿದ ಕೊಂಡ ಬೆಲೆ (ಇಂಡೆಕ್ಸೇಶನ್) ಕಳೆದು ತೊಂಬತ್ತು ತೊಂಬತ್ತೈದು ಲಕ್ಷ ಲಾಭ ಹಿಡಿದರು. ತೆರಿಗೆ, ಸರ್ಚಾರ್ಜು, 234ಬಿ ಬಡ್ಡಿ ಎಲ್ಲ ಸೇರಿ ಮೂವತ್ತು ಲಕ್ಷದ ಆಸುಪಾಸು ಡಿಮ್ಯಾಂಡ್. ವಸೂಲಿ ತಡೆಗಾಗಿ ಇಪ್ಪತ್ತು ಪರ್ಸೆಂಟ್ ಕಟ್ಟಲು ಗೌಡರು ಸೊಸೈಟಿಯಲ್ಲಿ ಸಾಲ ಮಾಡಿದ್ದರು.

ಮೊದಲ ಅಪೀಲು ಸೋತೆವು. ಟ್ರಿಬ್ಯುನಲ್‌ನಲ್ಲೂ ಸೋತೆವು. ಆದೇಶದಲ್ಲಿ ಒಂದು ಸಾಲು ಹೀಗಿತ್ತು: ಕಂದಾಯ ಅಧಿಕಾರಿಯ ಯಾವ ಪ್ರಮಾಣಪತ್ರವನ್ನೂ ಅರ್ಜಿದಾರರು ಹಾಜರುಪಡಿಸಿಲ್ಲ. ಆ ಪ್ರಮಾಣಪತ್ರ ನಾವು ಪೀಠಕ್ಕೆ ಕೊಟ್ಟಿದ್ದ ದಾಖಲೆಗಳ ಕಟ್ಟಿನ, ಅಂದರೆ ಪೇಪರ್ ಬುಕ್ಕಿನ ನಲವತ್ತೊಂದನೇ ಪುಟದಲ್ಲಿತ್ತು. ಅದಕ್ಕಿಂತ ಗಟ್ಟಿ ಸಂಗತಿ, ಮೊದಲ ಅಪೀಲಿನ ಅಧಿಕಾರಿ ಕೇಳಿದ್ದಕ್ಕೆ ಎಒ ಕೊಟ್ಟಿದ್ದ ರಿಮ್ಯಾಂಡ್ ರಿಪೋರ್ಟಿನಲ್ಲಿ "ಪ್ರಮಾಣಪತ್ರ ಪರಿಶೀಲಿಸಲಾಗಿದೆ" ಅಂತ ಅವರೇ ಬರೆದಿದ್ದರು. ಇನ್ನೊಂದು: ಕೃಷಿ ಜಮೀನು ಮಾರಿ ಮತ್ತೆ ಕೃಷಿ ಜಮೀನು ಕೊಂಡರೆ ಸಿಗುವ 54ಬಿ ವಿನಾಯಿತಿ ಅಡಿ ಪರ್ಯಾಯ ಗ್ರೌಂಡ್ (ವಾದದ ಅಂಶ) ಎತ್ತಿದ್ದೆವು, ಮಾರಿದ ಹಣದಲ್ಲಿ ಅರಕಲಗೂಡು ಕಡೆ ಕೃಷಿ ಜಮೀನು ಕೊಂಡಿದ್ದರು. ಆ ಗ್ರೌಂಡ್ ಆದೇಶದ ಮೊದಲ ಪುಟದಲ್ಲಿ ಅಚ್ಚಾಗಿದೆ, ತೀರ್ಮಾನ ಎಲ್ಲೂ ಇಲ್ಲ.

ನಮ್ಮ ಕಡೆ ಈ ದಾರಿ ಎಷ್ಟು ಸಲ ಮುಚ್ಚಿಹೋಗಿದೆ ಅನ್ನೋದನ್ನೂ ಹೇಳಬೇಕು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರ ಕೇಸಿನಲ್ಲಿ ಲಾಭದ ಅಂದಾಜು ಹೆಚ್ಚಾಯಿತು ಅಂತ ಹತ್ತು ಹನ್ನೆರಡು ಪುಟದ ಎಂಎ ಹೋಗಿತ್ತು. ಹದಿನೈದು ತೀರ್ಪು, ಮೂರು ಚಾರ್ಟು. "ಇದು ಪುನರ್‌ಪರಿಶೀಲನೆ, ತಿದ್ದುಪಡಿ ಅಲ್ಲ" ಅಂತ ನಾಲ್ಕು ಸಾಲಿನಲ್ಲಿ ವಜಾ. ಅಲ್ಲಿಗೆ ನಿಲ್ಲಿಸದೆ, ಆ ವಜಾ ಆದೇಶದ ಮೇಲೆ ಮತ್ತೊಂದು ಎಂಎ ಹಾಕಿಸಿದರು. ಅದು ಬಾಗಿಲಲ್ಲೇ ನಿಂತಿತು. ಅಷ್ಟರೊಳಗೆ ಹೈಕೋರ್ಟಿನ 260ಎ ಅಪೀಲಿಗಿದ್ದ 120 ದಿನ ಮುಗಿದಿತ್ತು. ಎಂಎ ಹಾಕಿದರೆ ಆ ಗಡಿಯಾರ ನಿಲ್ಲುವುದಿಲ್ಲ. ವಿಳಂಬ ಮನ್ನಿಸಿ ಅಂತ ಬೇಡಲು ವಕೀಲರಿಗೆ ಕೊಟ್ಟದ್ದೇ ನಲವತ್ತು ಸಾವಿರದ ಮೇಲೆ. ಇನ್ನೊಬ್ಬರಿಗೆ ಎಂಎ ಹಾಕುವ ಗಡುವೇ ತಪ್ಪಿತು. 2016ರ ಜೂನ್ 1ಕ್ಕೆ ಮುಂಚೆ ನಾಲ್ಕು ವರ್ಷ ಇತ್ತು, ಈಗ ಆದೇಶವಾದ ತಿಂಗಳ ಕೊನೆಯಿಂದ ಆರೇ ತಿಂಗಳು. ಹಳೆಯ ಲೆಕ್ಕದಲ್ಲಿ ಕೂತವರು ಈಗಲೂ ಇದ್ದಾರೆ.

ಇವನ್ನೆಲ್ಲ ನೋಡಿ ನಾನು ಮಾಡಿಕೊಂಡ ನಿಯಮ ಒಂದೇ. ಆದೇಶದ ಸಾಲನ್ನೂ ದಾಖಲೆಯ ಪುಟವನ್ನೂ ಅಕ್ಕಪಕ್ಕ ಇಟ್ಟರೆ, ಮೂರನೇ ಮಾತೇ ಬೇಡದೆ ತಪ್ಪು ಕಾಣಬೇಕು. "ಹೇಗೆಂದರೆ" ಅಂತ ನಾನು ಬಾಯಿ ತೆರೆಯಬೇಕಾಗಿ ಬಂದರೆ ಅದು 254(2)ರ ತಪ್ಪಲ್ಲ. 1971ರ ವೋಲ್ಕಾರ್ಟ್ ಬ್ರದರ್ಸ್ ತೀರ್ಪು ಹೇಳಿದ್ದೂ ಅದನ್ನೇ, ಉದ್ದನೆಯ ತರ್ಕ ಹೂಡಿ ಸಾಧಿಸಬೇಕಾದದ್ದು ಮೇಲ್ನೋಟದ ತಪ್ಪಲ್ಲ.

ಈ ನಿಯಮ ಹಿಡಿದಾಗ ಗೌಡರಿಗೂ ನನಗೂ ಜಗಳವಾಯಿತು. ಲಾಭದ ಲೆಕ್ಕಕ್ಕೆ ಕೊಂಡ ಬೆಲೆಯಾಗಿ ಹಿಡಿಯುವ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಪೀಠ ತೀರಾ ಕಡಿಮೆ ಒಪ್ಪಿತ್ತು. ನಮ್ಮ ವ್ಯಾಲ್ಯುಯರ್ ವರದಿ ಅದರ ಎರಡರಷ್ಟಿತ್ತು. ಅನ್ಯಾಯ ನಿಜ. ಗೌಡರು, "ಸಾರ್, ಅದನ್ನೂ ಸೇರ್ಸಿ. ಕೇಳೋದ್ರಲ್ಲಿ ಏನೈತೆ? ಕೊಟ್ರೆ ಕೊಡ್ಲಿ, ಇಲ್ದಿದ್ರೆ ಬಿಡ್ಲಿ" ಅಂದರು.

"ಗೌಡ್ರೇ, ವರದಿ ಓದಿ, ಒಪ್ಪಲ್ಲ ಅಂತ ಬರ್ದವ್ರೆ. ಓದಿ ಬರ್ದಿದ್ದನ್ನ ಅವ್ರೇ ತಿದ್ದೋಕೆ ಆಗಲ್ಲ. ಅದನ್ನ ಸೇರ್ಸಿದ್ರೆ ಉಳಿದ ಎರಡೂ ಹೋಗ್ತವೆ" ಅಂದೆ. ಎರಡು ವಾರ ಮಾತು ಬಿಟ್ಟರು. ಆಮೇಲೆ ಮಗನನ್ನು ಕಳಿಸಿ ಸಹಿ ಹಾಕಿಸಿಕೊಟ್ಟರು.

ಅರ್ಜಿ ಒಂದೂವರೆ ಪುಟ. ಟ್ರಿಬ್ಯುನಲ್ ನಿಯಮ 34ಎ ಕೇಳುವುದೂ ತಪ್ಪನ್ನು ಸ್ಪಷ್ಟವಾಗಿ, ಚಿಕ್ಕದಾಗಿ ಹೇಳಿ ಅಂತ. ಮೂರು ಪ್ರತಿ, ಐವತ್ತು ರೂಪಾಯಿ ಚಲನ್. ಪ್ರಾರ್ಥನೆಯಲ್ಲಿ ಇಡೀ ಆದೇಶ ರಿಕಾಲ್ ಮಾಡಿ (ಹಿಂತೆಗೆದುಕೊಳ್ಳಿ) ಅಂತ ಕೇಳಲೇ ಇಲ್ಲ. ದೂರದ ಪ್ರಶ್ನೆ ಇರುವ ಪ್ಯಾರಾ, ತೀರ್ಮಾನವಾಗದ 54ಬಿ ಗ್ರೌಂಡ್, ಇವೆರಡರ ಮಟ್ಟಿಗೆ ಮಾತ್ರ. ಜೊತೆಗೆ ಒಂದು ಹಾಳೆ ಲಗತ್ತಿಸಿದ್ದೆ, ಎಡಕ್ಕೆ ಆದೇಶದ ಸಾಲು, ಬಲಕ್ಕೆ ದಾಖಲೆಯ ಪುಟ. ಆ ಹಾಳೆಯನ್ನು ನಾನು ಹೇಗೆ ಜೋಡಿಸುತ್ತೇನೆ, ರಿಮ್ಯಾಂಡ್ ರಿಪೋರ್ಟನ್ನು ಅದರಲ್ಲಿ ಎಲ್ಲಿ ಇಡುತ್ತೇನೆ ಅನ್ನೋದು ನನ್ನ ಆಫೀಸಿನ ಗುಟ್ಟು, ಅಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ವರ್ಷಗಟ್ಟಲೆ ಹಿಡಿದಿದೆ.

ನಡುವೆ ನನ್ನ ಸಮಾಧಾನಕ್ಕೆ ಒಂದು ಪ್ರಯೋಗ ಮಾಡಿದೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಿಡಿದು, ನಗರಸಭೆ ಎಲ್ಲೆಯಿಂದ ಗೂಗಲ್ ಅರ್ತ್‌ನಲ್ಲಿ ಗೆರೆ ಎಳೆದು ನೋಡಿದೆ. ಜಮೀನಿನ ಯಾವ ಮೂಲೆ ಹಿಡಿಯುತ್ತೇವೆ ಅನ್ನೋದರ ಮೇಲೆ ಇನ್ನೂರು ಮುನ್ನೂರು ಮೀಟರ್ ಆಚೀಚೆ ಆಗುತ್ತದೆ, ಆರಕ್ಕಿಂತ ಕೆಳಗೆ ಎಲ್ಲೂ ಇಳಿಯಲಿಲ್ಲ. ಚಂದದ ನಕ್ಷೆ, ಬಣ್ಣದ ಪ್ರಿಂಟು. ಅರ್ಜಿಗೆ ಸೇರಿಸಲಿಲ್ಲ. ಎಂಎಯಲ್ಲಿ ಹೊಸ ಕಾಗದ ಇಟ್ಟರೆ, ದಾಖಲೆಯಲ್ಲಿ ಇಲ್ಲದ್ದನ್ನು ತೋರಿಸುತ್ತಿದ್ದೇವೆ ಅಂತ ನಾವೇ ಒಪ್ಪಿಕೊಂಡ ಹಾಗೆ.

ಅದೇ ಕಾಲಕ್ಕೆ ಮೂಡಿಗೆರೆಯ ಒಬ್ಬ ಕಾಫಿ ಬೆಳೆಗಾರರ ಚಿಕ್ಕ ಕೇಸಿನಲ್ಲೂ ನನ್ನ ಇದೇ ನಿಯಮ ಹಿಡಿದೆ. ತಾವೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರುವವರು, ಹುರಿದು ಪುಡಿ ಮಾಡುವುದಿಲ್ಲ. ಕಾಫಿ ಆದಾಯದಲ್ಲಿ ತೆರಿಗೆಗೆ ಸೇರುವ ಪಾಲು ನಿಯಮ 7ಬಿ ಪ್ರಕಾರ ಅವರದ್ದು 25 ಪರ್ಸೆಂಟ್. ಆದೇಶದ ಮೂರನೇ ಪ್ಯಾರಾ ಕ್ಯೂರಿಂಗ್ ಅಂತಲೇ ಹೇಳಿ, ಕೊನೆಯ ಪ್ಯಾರಾದಲ್ಲಿ 40 ಪರ್ಸೆಂಟ್ ಹಾಕಿತ್ತು. ಮುಕ್ಕಾಲು ಪುಟದ ಅರ್ಜಿ, ಒಂದೇ ವಿಚಾರಣೆಗೆ ಸರಿಯಾಯಿತು. ಇಂಥವಕ್ಕೆ ದೊಡ್ಡ ವಕೀಲರ ಹತ್ತಿರ ಓಡಿ ಮೂವತ್ತು ಸಾವಿರ ಸುರಿಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಗೌಡರ ಅರ್ಜಿಯ ವಿಚಾರಣೆಯಲ್ಲಿ ಇಲಾಖೆಯ ಪರ ವಾದಿಸುವ ಡಿಆರ್ ಎದ್ದವರೇ ರಿಲಯನ್ಸ್ ಟೆಲಿಕಾಂ ಹಿಡಿದರು: 254(2)ರ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 47 ನಿಯಮ 1ರಷ್ಟೇ, ಹಳೆಯ ಆದೇಶ ರಿಕಾಲ್ ಮಾಡಿ ಮತ್ತೆ ಕೇಳುವ ಹಾಗಿಲ್ಲ. ನಾನು ಆ ತೀರ್ಪನ್ನು ಅಲ್ಲಗಳೆಯಲಿಲ್ಲ, ಒಪ್ಪಿಕೊಂಡೆ. ಅಲ್ಲಿ ಎರಿಕ್ಸನ್ ಕಂಪನಿಯಿಂದ ಕೊಂಡ ಸಾಫ್ಟ್‌ವೇರ್ ಬಗ್ಗೆ ಪೀಠ ವಿವರವಾಗಿ ಆದೇಶ ಕೊಟ್ಟು, ಆಮೇಲೆ ಅದನ್ನು ಇಡಿಯಾಗಿ ಹಿಂತೆಗೆದುಕೊಂಡು ಗುಣಾವಗುಣದ ಮೇಲೆ ಮತ್ತೆ ಕೇಳಿತ್ತು. ನನ್ನ ಅರ್ಜಿಯಲ್ಲಿ ಅಂಥ ಬೇಡಿಕೆಯೇ ಇಲ್ಲ, ಪ್ರಾರ್ಥನೆ ಓದಿ ನೋಡಿ ಅಂದೆ. ಆಮೇಲೆ 2007ರ ಹೋಂಡಾ ಸೀಲ್ ತೀರ್ಪು ತೋರಿಸಿದೆ. ದಾಖಲೆಯಲ್ಲಿದ್ದದ್ದು ಪೀಠದ ಕಣ್ತಪ್ಪಿಂದ ಪರಿಗಣನೆಗೆ ಬಾರದೆ ಹೋಗಿ ಕಕ್ಷಿದಾರನಿಗೆ ನಷ್ಟವಾದರೆ ಸರಿಪಡಿಸುವುದು ಪೀಠದ್ದೇ ಕೆಲಸ ಅನ್ನೋದು ಅದರ ಸಾರ. 2008ರ ಸೌರಾಷ್ಟ್ರ ಕಚ್ ಸ್ಟಾಕ್ ಎಕ್ಸ್‌ಚೇಂಜ್ ತೀರ್ಪೂ ಕೈಯಲ್ಲಿತ್ತು. ಆದರೆ ಅದು ಸುಪ್ರೀಂ ಕೋರ್ಟ್ ಅಥವಾ ತಮ್ಮದೇ ಹೈಕೋರ್ಟಿನ ತೀರ್ಪನ್ನು ಗಮನಿಸದೆ ಹೋದಾಗಿನ ಮಾತು, ನಮ್ಮ ಸಂಗತಿಗೆ ಬೇಡ ಅಂತ ಚೀಲದಲ್ಲೇ ಬಿಟ್ಟೆ. ಪೀಠದವರು ನಲವತ್ತೊಂದನೇ ಪುಟ ತೆರೆದರು, ರಿಮ್ಯಾಂಡ್ ರಿಪೋರ್ಟ್ ತೆರೆದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಎರಡು ವಿಷಯಗಳ ಮಟ್ಟಿಗೆ ಮಾತ್ರ ಆದೇಶ ರಿಕಾಲ್ ಆಯಿತು. ಕೆಲವು ತಿಂಗಳ ನಂತರ ಮತ್ತೆ ಕೇಳಿದರು. ಇನ್ಸ್‌ಪೆಕ್ಟರ್ ವರದಿಯಲ್ಲಿ ಎಲ್ಲಿಂದ ಎಲ್ಲಿಗೆ ಅಳೆದರು ಅನ್ನೋದೇ ಇಲ್ಲ, ತಹಶೀಲ್ದಾರರ ಪ್ರಮಾಣಪತ್ರದಲ್ಲಿ ಅದು ಸ್ಪಷ್ಟವಾಗಿದೆ ಅಂತ ದಾಖಲಿಸಿ, ಜಮೀನು ಬಂಡವಾಳ ಆಸ್ತಿಯೇ ಅಲ್ಲ ಅಂದರು. ಆದಾಯಕ್ಕೆ ಸೇರಿಸಿದ್ದ ಲಾಭವೆಲ್ಲ ರದ್ದಾಯಿತು. 54ಬಿ ನೋಡುವ ಅಗತ್ಯವೇ ಬೀಳಲಿಲ್ಲ, 2001ರ ಬೆಲೆಯ ಜಗಳವೂ ತಾನಾಗಿ ತೀರಿತು.

ಖರ್ಚು ನೆನಪಿದ್ದಷ್ಟು: ಫೀ ಐವತ್ತು, ಜೆರಾಕ್ಸು ಬೈಂಡಿಂಗು ಎರಡು ಸಾವಿರದ ಒಳಗೆ, ಬಸ್ಸು ಊಟ ಅದಕ್ಕಿಂತ ಕಡಿಮೆ, ನನ್ನ ಫೀ ಇಪ್ಪತ್ತೈದು ಸಾವಿರ. 260ಎ ಅಪೀಲಿನ ಕಾಗದವನ್ನೂ 120 ದಿನದ ಒಳಗೆ ತಯಾರು ಮಾಡಿ ಹಾಕಿಸಿದ್ದೆ, ಅದಕ್ಕೆ ಬೇರೆ ಮೂವತ್ತೈದು ಸಾವಿರ ಹೋಯಿತು. ಗೆದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡೆವು. ಆ ದುಡ್ಡು ವ್ಯರ್ಥ ಅಂತ ಗೌಡರ ಮಗ ಈಗಲೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಎಂಎ ಬಿದ್ದಿದ್ದರೆ ಉಳಿಯುತ್ತಿದ್ದದ್ದು ಅದೊಂದೇ. ಕಟ್ಟಿದ್ದ ಆರು ಲಕ್ಷ ಚಿಲ್ಲರೆ ವಾಪಸ್ ಬಂದಿದೆ. ಆ ವಾಪಸಿನ ಮೇಲೆ ಇಲಾಖೆ ಕೊಡಬೇಕಾದ 244ಎ ಬಡ್ಡಿಯಲ್ಲಿ ಕೆಲವು ತಿಂಗಳು ಬಿಟ್ಟಿದ್ದಾರೆ, ಅದನ್ನು ತಿದ್ದಿ ಅಂತ 154ರ ಅರ್ಜಿ ಹಾಕಿದ್ದೇನೆ.